ಮಣ್ಣು ಗಟ್ಟಿಯಿದೆ, ಸರಿ, ಗುಡ್ಡ ನಿಲ್ಲುತ್ತದೆಯೇ?

"ಸಾರ್, ಸಾಯಿಲ್ ಟೆಸ್ಟ್ ಆಗಿದೆ, ಎಸ್‌ಬಿಸಿ ಚೆನ್ನಾಗಿದೆಯಂತೆ. ನೀವೊಮ್ಮೆ ನೋಡಿ ಹೂಂ ಅಂದರೆ ಪಾಯ ತೋಡಿಸಿಬಿಡ್ತೀನಿ."

ಇಳಿಜಾರಿನಲ್ಲಿ ಸೈಟ್ ಕೊಂಡವರ ಫೋನು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. (ಎಸ್‌ಬಿಸಿ ಅಂದರೆ ಮಣ್ಣು ಸುರಕ್ಷಿತವಾಗಿ ಹೊರಬಲ್ಲ ಭಾರ.) ರಿಪೋರ್ಟ್ ತರಿಸಿ ನೋಡಿದರೆ ಮಣ್ಣು ಪರೀಕ್ಷೆಗೆ ಕೊರೆದದ್ದು ಒಂದೇ ಬೋರ್. ಅದೂ ಕೊರೆಯುವ ರಿಗ್ ನಿಲ್ಲಿಸಲು ಅನುಕೂಲವಾದ ಸಮತಟ್ಟು ಜಾಗದಲ್ಲಿ. ಇಳಿಜಾರಿನ ನಡುವೆ ಅಂಥ ಜಾಗ ತಾನಾಗಿ ಇರುವುದು ಅಪರೂಪ. ಯಾರೋ ಮೇಲ್ಬದಿ ಕಡಿದು ಆ ಮಣ್ಣನ್ನು ಕೆಳಬದಿಗೆ ತುಂಬಿರುತ್ತಾರೆ. ಒಮ್ಮೆ ಎರಡು ಮೀಟರ್ ಆಳದಿಂದ ಮೇಲೆ ಬಂದ ಸ್ಯಾಂಪ್ಲರ್ (ಮಣ್ಣಿನ ಮಾದರಿ ತೆಗೆಯುವ ಕೊಳವೆ) ಬಿಚ್ಚಿದರೆ ಒಳಗೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲದ ತುಂಡು. ನಾವು ಗುಡ್ಡವನ್ನಲ್ಲ, ಯಾರೋ ತಂದು ಸುರಿದದ್ದನ್ನು ಪರೀಕ್ಷೆ ಮಾಡುತ್ತಿದ್ದೆವು.

ಹೋಗಲಿ, ಬೋರ್ ಸರಿಯಾದ ಜಾಗದಲ್ಲೇ ಇತ್ತು, ಎಸ್‌ಬಿಸಿಯೂ ಸರಿಯಾಗಿದೆ ಅಂದುಕೊಳ್ಳೋಣ. ಆ ಅಂಕಿ ಉತ್ತರಿಸುವುದು ಒಂದು ಪ್ರಶ್ನೆಗೆ: ಮನೆಯ ಭಾರಕ್ಕೆ ಮಣ್ಣು ಕುಸಿಯುತ್ತದೆಯೇ? ಇಳಿಜಾರಿನಲ್ಲಿ ಇನ್ನೊಂದು ಪ್ರಶ್ನೆಯಿದೆ: ಮಣ್ಣು ಮನೆಯನ್ನೂ ಹೊತ್ತುಕೊಂಡು ಕೆಳಗೆ ಜಾರುತ್ತದೆಯೇ? ಪಾಚಿ ಹಿಡಿದ ಹಾಸುಗಲ್ಲು ಆನೆಯ ಭಾರವನ್ನೂ ತಡೆಯುತ್ತದೆ. ಅದರ ಮೇಲೆ ನಿಮ್ಮ ಕಾಲು ಮಾತ್ರ ನಿಲ್ಲುವುದಿಲ್ಲ. ಕಲ್ಲು ಎಷ್ಟು ಗಟ್ಟಿ ಎಂದು ಇನ್ನೂ ನಾಲ್ಕು ಸಲ ಅಳೆದರೂ ಜಾರುವುದರ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಕೇಳುತ್ತಾರೆ: "ಆದರೂ ಸಾರ್, ಮಣ್ಣು ಗಟ್ಟಿಯಿದೆಯಲ್ಲ?"

ಜಾರುವ ಪದರ ತೀರಾ ತೆಳ್ಳಗಿರಬಹುದು. ಬೋರ್‌ನಲ್ಲಿ ಸಾಮಾನ್ಯವಾಗಿ ಪ್ರತಿ 1.5 ಮೀಟರ್‌ಗೊಮ್ಮೆ ಎಸ್‌ಪಿಟಿ ಎಂಬ ಪೆಟ್ಟಿನ ಪರೀಕ್ಷೆ ಮಾಡುತ್ತಾರೆ. 63.5 ಕಿಲೋ ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಸ್ಯಾಂಪ್ಲರನ್ನು 45 ಸೆಂ.ಮೀ. ಇಳಿಸುವುದು, ಕೊನೆಯ 30 ಸೆಂ.ಮೀ.ಗೆ ಬಿದ್ದ ಪೆಟ್ಟು ಎಣಿಸುವುದು. ಆ ಎಣಿಕೆಯೇ ಎನ್ ವ್ಯಾಲ್ಯೂ; ಅದು ಹೆಚ್ಚಿದ್ದಷ್ಟೂ ಮಣ್ಣು ಗಟ್ಟಿ. ಅಂದರೆ ಪ್ರತಿ ಒಂದೂವರೆ ಮೀಟರ್‌ನಲ್ಲಿ ಕೈಗೆ ಸಿಕ್ಕಿದ್ದು 45 ಸೆಂ.ಮೀ. ಮಣ್ಣು. ಉಳಿದ ಒಂದು ಮೀಟರ್‌ಗೂ ಮಿಕ್ಕಿದ್ದನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ.

ಒಬ್ಬರ ಸೈಟಿನಲ್ಲಿ ಹೀಗೇ ಆಯಿತು. ರಿಪೋರ್ಟಿನಲ್ಲಿ 1.5 ಮೀಟರ್‌ನಲ್ಲೂ 3 ಮೀಟರ್‌ನಲ್ಲೂ ಒಳ್ಳೆಯ ಎನ್ ವ್ಯಾಲ್ಯೂ. ಆದರೆ ಕೆಳಬದಿಯ ಮರಗಳೆಲ್ಲ ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿದ್ದವು; ಅದು ಮಣ್ಣು ಮೆಲ್ಲಗೆ ಸರಿಯುತ್ತಿರುವ ಲಕ್ಷಣವಿರಬಹುದು, ನನಗೆ ಸಮಾಧಾನವಾಗಲಿಲ್ಲ. ಪರೀಕ್ಷಾ ಗುಂಡಿ ತೋಡಿಸಿ ಅಂದೆ. ಮಾಲೀಕರಿಗೆ ಸಿಟ್ಟು ಬಂತು: "ಬೋರ್‌ಗೂ ದುಡ್ಡು, ಗುಂಡಿಗೂ ದುಡ್ಡಾ?" ಕೊನೆಗೂ ತೋಡಿಸಿದರು, ಪಕ್ಕಗಳಿಗೆ ಹಲಗೆಯ ಆಸರೆ ಕೊಟ್ಟು. (ಆಸರೆಯಿಲ್ಲದ ಗುಂಡಿಗೆ ನಾನು ಇಳಿಯುವುದಿಲ್ಲ, ಯಾರನ್ನೂ ಇಳಿಸುವುದೂ ಇಲ್ಲ.) 2.6 ಮೀಟರ್‌ನಲ್ಲಿ, ಕಂದು ಗರಸು ಮಣ್ಣಿನ ಕೆಳಗೆ, ಎರಡು ಬೆರಳು ದಪ್ಪದ ಬೂದು ಜೇಡಿ. ಹೆಂಟೆ ಮುರಿದರೆ ಒಳಮೈ ಎಣ್ಣೆ ಕೈಯಲ್ಲಿ ಸವರಿದಂತೆ ಹೊಳೆಯುತ್ತಿತ್ತು, ಇಳಿಜಾರಿನ ದಿಕ್ಕಿಗೇ ಸಣ್ಣ ಗೀರುಗಳು. ಈ ಗುಡ್ಡ ಹಿಂದೊಮ್ಮೆ ಜಾರಿದೆ ಎಂಬುದಕ್ಕೆ ಅದು ಬಲವಾದ ಸೂಚನೆ. ಹಾಗೆ ಜಾರಿದ ಜೇಡಿಯ ಹಿಡಿತ ಮೊದಲಿನಷ್ಟು ಇರುವುದಿಲ್ಲ. ಲೆಕ್ಕಕ್ಕೆ ಆ ಕಡಿಮೆ ಬಲವನ್ನೇ ಹಿಡಿಯಬೇಕು.

ಸಾಮಾನ್ಯವಾಗಿ ನಾನು ಕೇಳುವುದು ಗುಡ್ಡದ ತಲೆಯಿಂದ ಬುಡದವರೆಗೆ ಒಂದೇ ಸಾಲಿನಲ್ಲಿ ಕನಿಷ್ಠ ಮೂರು ಬೋರ್. ಆಗಲೇ ಪದರಗಳು ಎತ್ತ ವಾಲಿವೆ ಎಂದು ಅಡ್ಡಕೊಯ್ತ ಬರೆಯಲು ಸಾಧ್ಯ. ಬಂಡೆ ಸಿಕ್ಕಿತು ಎಂದು ಕೊರೆಯುವವರು ನಿಲ್ಲಿಸಿದರೆ ಇನ್ನೂ ಮೂರು ಮೀಟರ್ ಕೋರ್ (ಕೊರೆದು ತೆಗೆದ ಕಲ್ಲಿನ ತುಂಡು) ತೆಗೆಸಿ; ಅದು ಉರುಳಿ ಬಂದು ಹೂತ ಗುಂಡುಕಲ್ಲೂ ಆಗಿರಬಹುದು. ನಿಮ್ಮ ಜಾಗಕ್ಕೆ ಎಷ್ಟು ಬೋರ್, ಎಷ್ಟು ಆಳ ಎಂದು ನೋಡದೆ ಹೇಳಲಾರೆ.

ಇನ್ನು ನೀರು. "ನೀರು ಕಂಡುಬಂದಿಲ್ಲ" ಎಂದು ರಿಪೋರ್ಟಿನಲ್ಲಿದ್ದರೆ ನಾನು ಮೊದಲು ನೋಡುವುದು ತಾರೀಖು. ಕಡುಬೇಸಿಗೆಯಲ್ಲಿ ಕಾಣದಿದ್ದರೆ ಅದರಲ್ಲಿ ವಿಶೇಷವೇನು? ನೀರು ತುಂಬಿದ ಮಣ್ಣು ಘನಮೀಟರಿಗೆ ಸುಮಾರು ಎರಡು ಟನ್ ತೂಗುತ್ತದೆ. ಮೂರು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರ್ ಮೇಲೆ ಆರು ಟನ್. ನೀರು ಮೇಲಿನವರೆಗೆ ಏರಿದರೆ ಅದರಲ್ಲಿ ಹತ್ತಿರಹತ್ತಿರ ಮೂರು ಟನ್ನನ್ನು ನೀರಿನ ಒತ್ತಡವೇ ಎತ್ತಿ ಹಿಡಿಯುತ್ತದೆ. ಕಣಕಣಗಳನ್ನು ಒತ್ತಿ ಹಿಡಿಯುವ ಭಾರ ಅರ್ಧವಾದರೆ ಘರ್ಷಣೆಯೂ ಅರ್ಧ. ಕೆಳಕ್ಕೆ ಎಳೆಯುವ ತೂಕ ಮಾತ್ರ ಕಡಿಮೆಯಾಗುವುದಿಲ್ಲ. ಮಳೆಯಲ್ಲಿ ಗುಡ್ಡ ಜಾರುವುದು ಮಣ್ಣು "ಮೆತ್ತಗಾಗಿ" ಎಂದು ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಪಾಲು ಈ ಒತ್ತಡದ ಆಟ.

ಹಾಗಾಗಿ ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ನೋಡಲು, ಜೇಡಿ ಸಿಕ್ಕಿದ ಆ ಸೈಟಿನ ಒಂದು ಬೋರ್‌ನಲ್ಲಿ ತೂತು ಕೊರೆದ ಪಿವಿಸಿ ಪೈಪ್ ಇಳಿಸಿ, ಸುತ್ತ ಸಣ್ಣ ಜಲ್ಲಿ ತುಂಬಿ, ಬಾಯಿಯ ಸುತ್ತ ಮೇಲ್ನೀರು ಇಳಿಯದಂತೆ ಮುಚ್ಚಿಸಿದೆ. ಮಳೆಗಾಲ ಮುಗಿಯುವವರೆಗೆ ಪಾಯ ಬೇಡ ಎಂದೆ. ಗುಂಡಿಗೆ ಜಗಳಾಡಿದ ಅದೇ ಮಾಲೀಕರು ಈಗ ದಿನಾ ಬೆಳಿಗ್ಗೆ ಛತ್ರಿ ಹಿಡಿದು ಹೋಗಿ, ಟೇಪಿಗೆ ಬೋಲ್ಟು ಕಟ್ಟಿ ಇಳಿಬಿಟ್ಟು ಅಳತೆ ಕಳಿಸುತ್ತಾರೆ. ಬೇಸಿಗೆಯಲ್ಲಿ ಪೈಪ್ ಒಣಗಿತ್ತು. ಮಳೆ ಹಿಡಿದ ವಾರ ನೀರು ನೆಲದಿಂದ 2.4 ಮೀಟರ್ ಕೆಳಗೆ, ಅಂದರೆ ಜೇಡಿಯ ಮೇಲೆಯೇ ನಿಂತಿತ್ತು. ನಿನ್ನೆ 1.5. ಜೊತೆಗೆ ಒಂದು ಸಾಲು: "ಸಾರ್, ಇದು ಒಳ್ಳೇದಾ, ಕೆಟ್ಟದ್ದಾ?"