ಚಿಗರಿಯನ್ನು ಮೃಗಾಲಯಕ್ಕೆ ಯಾಕೆ ಕಳಿಸಬಾರದು?

"ಸಾಹೇಬ್ರ, ಎರಿ ಹೊಲದಾಗ ಚಿಗರಿ ನಾಯಿ ಬಾಯಿಗೆ ಸಿಕ್ಕಿತ್ತು, ಬಿಡಿಸ್ಕೊಂಡೇವಿ. ಬಿಂಕದಕಟ್ಟಿ ಝೂಕ್ಕ ಕಳಸೋಣೇನ್ರಿ?"

ಗದಗ, ಹಾವೇರಿ ಕಡೆಯ ಪಶುವೈದ್ಯರಿಗೆ ಇಂಥ ಫೋನ್ ಹೊಸದಲ್ಲ. ಇಲ್ಲಿ ಚಿಗರಿ ಅಂದರೆ ಕೃಷ್ಣಮೃಗ, ಬಿಂಕದಕಟ್ಟಿ ಝೂ ಅಂದರೆ ಗದಗಿನ ಮೃಗಾಲಯ. ಕೇಳುವವರ ಮನಸ್ಸು ಒಳ್ಳೆಯದೇ. ಆದರೂ ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ.

ಬೆನ್ನಟ್ಟಿಸಿಕೊಂಡು ಹೆದರಿ ಓಡಿದ ಚಿಗರಿಗೆ ಹೊರಗೆ ಒಂದು ಗೀರೂ ಇಲ್ಲದಿರಬಹುದು. ಒಳಗೆ ಮಾತ್ರ ಸ್ನಾಯು ಒಡೆಯುತ್ತಿರುತ್ತದೆ. ಅದರಿಂದ ಹೊರಬಿದ್ದ ಮಯೋಗ್ಲೋಬಿನ್ ಅನ್ನುವ ಸ್ನಾಯುವಿನ ಪ್ರೋಟೀನ್ ಕಿಡ್ನಿಯನ್ನು ಕೆಡಿಸುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ರಕ್ತದಲ್ಲಿ ಪೊಟ್ಯಾಷಿಯಂ ಏರಿದರೆ ಹೃದಯವೇ ನಿಲ್ಲಬಹುದು. ಕ್ಯಾಪ್ಚರ್ ಮಯೋಪತಿ ಅಂದರೆ ಇದೇ. ಕೆಲವು ತಾಸಿನಲ್ಲೂ ಸಾಯಬಹುದು, ಕೆಲವು ದಿನ ಬಿಟ್ಟೂ ಸಾಯಬಹುದು. ಒಮ್ಮೆ ಜೋರಾದರೆ ಔಷಧಿಯಿಂದ ಆಗುವುದು ಕಡಿಮೆ. ಅಂಥ ಪ್ರಾಣಿಯ ಕಾಲು ಕಟ್ಟಿ, ಟಂಟಂನಲ್ಲಿ ಹಾಕಿ, ಸುತ್ತ ಹತ್ತು ಹುಡುಗರು ಕೂತು ಸೆಲ್ಫಿ ತೆಗೆಯುತ್ತ ಹೊರಟರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ?

ಕಣ್ಣಿನ ಮೇಲೆ ಬಟ್ಟೆ ಮುಚ್ಚಿ. ನೆರಳಿನಲ್ಲಿ ಬಿಡಿ, ಜನರನ್ನು ದೂರ ಕಳಿಸಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಗಾಯ ಇಲ್ಲದಿದ್ದರೆ ಅದೇ ಹೊಲದ ಬದಿಗೆ ಬೇಗ ಬಿಡುವುದೇ ಅದಕ್ಕೆ ಒಳ್ಳೆಯ ಚಿಕಿತ್ಸೆ.

ಮೃಗಾಲಯಗಳು ಇರಬೇಕಾ ಅಂತ ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವುದು ಒಂದೇ. ಪಂಜರದಲ್ಲಿರುವ ಆ ಪ್ರಾಣಿ ಅಲ್ಲಿಗೆ ಬಂದಿದ್ದು ಹೇಗೆ? ಕಬ್ಬಿನ ಹೊಲದಲ್ಲಿ ಚಿರತೆ ಮರಿ ಕಂಡರೆ ಎತ್ತಿಕೊಂಡು ಬರುತ್ತಾರೆ. ಅಲ್ಲೇ ಬಿಟ್ಟಿದ್ದರೆ ಎಷ್ಟೋ ಸಲ ತಾಯಿ ರಾತ್ರಿ ಬಂದು ಒಯ್ಯುತ್ತದೆ. ಬಾಟಲಿ ಹಾಲು ಕುಡಿದು ಮನುಷ್ಯರ ನಡುವೆ ಬೆಳೆದ ಮರಿಗೆ ಬೇಟೆ ಗೊತ್ತಿಲ್ಲ, ನಮ್ಮ ಭಯವೂ ಇಲ್ಲ. ಅದನ್ನು ಕಾಡಿಗೆ ಬಿಟ್ಟರೆ ಊರಿಗೇ ಬರುತ್ತದೆ. ಉರುಳಿಗೆ ಸಿಕ್ಕು ಕಾಲು ಕಳೆದುಕೊಂಡ ಪ್ರಾಣಿಯದೂ ಹೆಚ್ಚುಕಡಿಮೆ ಇದೇ ಕಥೆ. ಇವಕ್ಕೆ ಜಾಗ ಬೇಕು. ಹಾಗಾಗಿ ಮೃಗಾಲಯ ಮುಚ್ಚಿ ಅನ್ನುವವರ ಜೊತೆ ನಾನಿಲ್ಲ.

ತಳಿ ಉಳಿಸಲು ಮೃಗಾಲಯ ಬೇಕು ಅನ್ನುವ ವಾದ ಅರ್ಧ ನಿಜ. ಅರೇಬಿಯನ್ ಓರಿಕ್ಸ್ ಅನ್ನುವ ಮರುಭೂಮಿಯ ಚಿಗರಿಯಂಥ ಪ್ರಾಣಿ 1972ರಲ್ಲಿ ಕಾಡಿನಿಂದ ಪೂರ್ತಿ ಅಳಿಯಿತು. ಸಾಕಿ ಬೆಳೆಸಿದ ಹಿಂಡಿನಿಂದಲೇ 1982ರಲ್ಲಿ ಓಮನ್‌ನ ಮರುಭೂಮಿಗೆ ಮರಳಿತು. ಇನ್ನು ರಣಹದ್ದು. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಜೊತೆ ಹೊಟ್ಟೆ ಸೇರಿ ಅವುಗಳನ್ನು ಮುಗಿಸುತ್ತ ಬಂದಿತ್ತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಹದ್ದುಗಳ ಸಂತತಿ ಬೆಳೆಸುವ ಕೆಲಸ ಹರಿಯಾಣದ ಪಿಂಜೋರ್‌ನಲ್ಲಿ ನಡೆಯುತ್ತಿದೆ. ಅದಕ್ಕೆ ಟಿಕೆಟ್ ಕೌಂಟರ್ ಬೇಕಾಗಿಲ್ಲ, ಪಾಪ್‌ಕಾರ್ನ್ ಅಂಗಡಿಯೂ ಬೇಕಾಗಿಲ್ಲ.

ನನ್ನ ತಕರಾರು ಇರುವುದು ಸುಮ್ನೆ ತೋರಿಸಲಿಕ್ಕೆ ತರುವ ಪ್ರಾಣಿಗಳ ಬಗ್ಗೆ. ಮಾಂಸಾಹಾರಿ ಪ್ರಾಣಿಗಳ ಬಗ್ಗೆ 2003ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕಾಡಿನಲ್ಲಿ ದೂರ ದೂರ ತಿರುಗುವ ಜಾತಿಗಳೇ ಪಂಜರದಲ್ಲಿ ಜಾಸ್ತಿ ನರಳುತ್ತವೆ. ಒಂದೇ ಗೆರೆಯ ಮೇಲೆ ಆ ಕಡೆ ಈ ಕಡೆ ಓಡಾಡುತ್ತವೆ, ಮರಿಗಳೂ ಹೆಚ್ಚು ಸಾಯುತ್ತವೆ. ಹಿಮಕರಡಿಯ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಊಟದ ಹೊತ್ತಿಗೆ ಗೇಟಿನ ಹತ್ತಿರ ಓಡಾಡುವುದು ಬೇರೆ. ಹೊಟ್ಟೆ ತುಂಬಿದ ಮೇಲೂ ಅದೇ ಜಾಗಕ್ಕೆ ಹೋಗಿ ತಿರುಗುತ್ತಿದ್ದರೆ ಅದು ನರಳಾಟ. "ನೋಡು, ವಾಕಿಂಗ್ ಮಾಡ್ತದ" ಅಂತ ಮಕ್ಕಳಿಗೆ ತೋರಿಸಬೇಡಿ.

ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ಬಂದ ಮೇಲೆ ಎಷ್ಟೋ ಸುಧಾರಣೆ ಆಗಿದೆ. ಪ್ರಾಣಿಗಳನ್ನು ಕೆಣಕುವುದು, ತಿನಿಸು ಎಸೆಯುವುದು ಕಾನೂನಿನಲ್ಲೇ ಅಪರಾಧ. ಆದರೆ ಸಣ್ಣ ಊರಿನ ಮೃಗಾಲಯಕ್ಕೂ ಹುಲಿ, ಸಿಂಹ ಬೇಕೇ ಬೇಕು ಅನ್ನುವ ಹಟ ಹೋಗಿಲ್ಲ. ಹುಲಿ ಇಲ್ಲದಿದ್ದರೆ ಜನ ಬರೋದಿಲ್ಲ ಅನ್ನುತ್ತಾರೆ. ಗದಗಿನ ಪಕ್ಕದಲ್ಲೇ ಕಪ್ಪತಗುಡ್ಡ ಇದೆ, 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ತೋಳ ಇದೆ, ಕತ್ತೆಕಿರುಬ ಇದೆ. ಗಾಯಗೊಂಡು ಬಂದು ಮರಳಿ ಹೋಗಲಾರದ ಒಂದು ಕತ್ತೆಕಿರುಬವನ್ನು ಚೆನ್ನಾಗಿ ಸಾಕಿ, ಅದು ಹೇಗೆ ಬಂತು ಅಂತ ಬೋರ್ಡಿನಲ್ಲಿ ದೊಡ್ಡದಾಗಿ ಬರೆದರೆ ಮುಂಡರಗಿಯ ಹುಡುಗನಿಗೆ ತನ್ನ ಗುಡ್ಡದಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಸಿಂಹದ ಮನೆಗೆ ಹಾಕುವ ದುಡ್ಡಿನಲ್ಲಿ ಒಂದು ಒಳ್ಳೆಯ ರಕ್ಷಣಾ ವಾಹನ, ಅರಿವಳಿಕೆ ಗನ್ನು, ತರಬೇತಿ ಪಡೆದ ನಾಲ್ಕು ಜನ ಸಿಗಬಹುದು. ನನ್ನನ್ನು ಕೇಳಿದರೆ ನಾನು ಬೇಡುವುದು ಇವನ್ನೇ.