ಕಡಲಿನ ದಾರಿ ಮರೆಯದ ಮೀನು

ನದಿಯಲ್ಲಿ ಸಾಲ್ಮನ್ ಮೀನು ಕಮ್ಮಿಯಾದರೆ ತಟ್ಟನೆ ಹೊಳೆಯುವ ಉಪಾಯ, ತೊಟ್ಟಿಯಲ್ಲಿ ಮರಿ ಬೆಳೆಸಿ ನೀರಿಗೆ ಬಿಡುವುದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಇದನ್ನು ಮಾಡುತ್ತಿದ್ದಾರೆ. ಆದರೂ ಎಷ್ಟೋ ನದಿಗಳಲ್ಲಿ ಕಾಡು ಸಾಲ್ಮನ್, ಅಂದರೆ ನದಿಯಲ್ಲೇ ತಾನಾಗಿ ಹುಟ್ಟಿ ಬೆಳೆದ ಮೀನು, ಕುಸಿಯುತ್ತಲೇ ಬಂತು. ತೊಟ್ಟಿಯಲ್ಲಿ ಬದುಕಲು ಬೇಕಾದ ಗುಣವೇ ಬೇರೆ, ಹರಿಯುವ ನೀರಿನಲ್ಲಿ ಬೇಕಾದ ಗುಣವೇ ಬೇರೆ. ಕೆಲವೇ ತಲೆಮಾರುಗಳಲ್ಲಿ ಮೀನು ತೊಟ್ಟಿಗೆ ಒಗ್ಗಿಹೋಗುತ್ತದೆ.

ಸಾಲ್ಮನ್ ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಹುಟ್ಟಿದ ನೀರಿನ ವಾಸನೆ ಹಿಡಿದು ಮರಳುತ್ತದೆ. ಹೆಣ್ಣು ಮೀನು ನದಿಯ ತಳದ ಸಣ್ಣ ಕಲ್ಲುಗಳನ್ನು ಬಾಲದಿಂದ ಕೆದಕಿ ಗುಂಡಿ ಮಾಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ತಣ್ಣನೆಯ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಆಮ್ಲಜನಕ ಸಿಗುತ್ತದೆ. ಹೂಳು ತುಂಬಿದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಅಣೆಕಟ್ಟು ಕಟ್ಟಿದರೆ ಮೀನಿನ ದಾರಿ ಮುಚ್ಚುತ್ತದೆ. ಮೇಲಿನಿಂದ ಹೊಸ ಕಲ್ಲುಗಳು ಬರುವುದೂ ನಿಲ್ಲುತ್ತದೆ.

ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ ಆದದ್ದು ಇದೇ. 1913ರಲ್ಲಿ ಒಂದು, 1927ರಲ್ಲಿ ಇನ್ನೊಂದು ಅಣೆಕಟ್ಟು ಎದ್ದಿತು. ಎರಡರಲ್ಲೂ ಮೀನು ಹತ್ತಲು ದಾರಿಯಿರಲಿಲ್ಲ. ಕಡಲಿನಿಂದ ಬಂದ ಮೀನಿಗೆ ಉಳಿದದ್ದು ಕೆಳಗಿನ ಸುಮಾರು 8 ಕಿಲೋಮೀಟರ್ ಮಾತ್ರ. ನದಿ ದಡದ ಎಲ್ವಾ ಕ್ಲಾಲಮ್ ಎಂಬ ಮೂಲನಿವಾಸಿ ಜನರ ಬದುಕೇ ಆ ಮೀನಿನ ಮೇಲೆ ನಿಂತಿತ್ತು. ಅವರ ಬಹುಕಾಲದ ಹೋರಾಟದ ಮೇಲೆ 2011ರಲ್ಲಿ ಅಣೆಕಟ್ಟುಗಳನ್ನು ಒಡೆಯುವ ಕೆಲಸ ಶುರುವಾಗಿ 2014ರಲ್ಲಿ ಮುಗಿಯಿತು. ಶತಮಾನದ ಹೂಳು ಒಮ್ಮೆಲೇ ಇಳಿದು ಬಂದು ನದಿ ವರ್ಷಗಟ್ಟಲೆ ಕದಡಿತ್ತು. ಆ ಕಷ್ಟದ ಕಾಲವನ್ನು ದಾಟಲೇಬೇಕಿತ್ತು. ಅದೇ ಮಣ್ಣು, ಮರಳು ಮುಂದೆ ನದೀಮುಖದಲ್ಲಿ ಹೊಸ ದಡವನ್ನೇ ಕಟ್ಟಿತು.

ನನಗೆ ತುಂಬಾ ಇಷ್ಟವಾದ ಸಂಗತಿ ಸಾಲ್ಮನ್‌ನ ಹತ್ತಿರದ ಬಳಗದ ಟ್ರೌಟ್ ಮೀನಿನದು. ರೇನ್‌ಬೋ ಟ್ರೌಟ್ ಮತ್ತು ಸ್ಟೀಲ್‌ಹೆಡ್ ಒಂದೇ ಜಾತಿಯ ಮೀನು. ನದಿಯಲ್ಲೇ ಉಳಿದದ್ದು ರೇನ್‌ಬೋ, ಕಡಲಿಗೆ ಹೋಗಿ ದೊಡ್ಡದಾಗಿ ಬರುವುದು ಸ್ಟೀಲ್‌ಹೆಡ್. ಬೇಸಿಗೆಯಲ್ಲಿ ನದಿ ಹತ್ತುವ ಸ್ಟೀಲ್‌ಹೆಡ್ ಎಲ್ವಾದಲ್ಲಿ ಹೆಚ್ಚುಕಮ್ಮಿ ಇಲ್ಲವಾಗಿತ್ತು. ಅಣೆಕಟ್ಟು ಹೋದ ಮೇಲೆ ಅದು ಮತ್ತೆ ಕಾಣಿಸಿಕೊಂಡಿತು. ಯಾರೂ ತಂದು ಬಿಟ್ಟದ್ದಲ್ಲ! ವಂಶವಾಹಿ ಪರೀಕ್ಷಿಸಿದಾಗ ಗೊತ್ತಾಯಿತು, ಅಣೆಕಟ್ಟಿನ ಹಿಂದೆ ಸಿಕ್ಕಿಬಿದ್ದ ಟ್ರೌಟ್‌ಗಳ ಸಂತತಿಯೇ ಕಡಲಿಗಿಳಿದು ಮರಳಿತ್ತು. ಸುಮಾರು ನೂರು ವರ್ಷ ಕಡಲು ಕಾಣದ ಮೀನಿನೊಳಗೆ ಆ ಗುಣ ಹಾಗೇ ಉಳಿದಿತ್ತು.

ಎಲ್ಲ ಮೀನಿಗೂ ಇಷ್ಟು ಬೇಗ ಆಗಲಿಲ್ಲ. ಎಲ್ವಾಕ್ಕೆ ಮರಳುವ ಚಿನೂಕ್ ಎಂಬ ಜಾತಿಯ ಸಾಲ್ಮನ್‌ಗಳಲ್ಲಿ ಬಹುಪಾಲು ಇನ್ನೂ ತೊಟ್ಟಿಯಲ್ಲಿ ಹುಟ್ಟಿದವೇ. ಇನ್ನೊಂದು ಜಾತಿ, ಕೋಹೋ ಸಾಲ್ಮನ್, ಚೇತರಿಸಿಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ ಎಲ್ವಾ ಕ್ಲಾಲಮ್ ಜನ ತಮ್ಮ ಆಚರಣೆಗೆ, ಊಟಕ್ಕೆ ಮತ್ತೆ ಕೋಹೋ ಹಿಡಿದರು.