ಲೈಂಗಿಕ ಅಪರಾಧಿಗೆ ಚಿಕಿತ್ಸೆ ಕೊಟ್ಟರೆ ಬದಲಾಗ್ತಾನಾ?

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ 1990ರ ದಶಕದಿಂದ ಒಂದು ಚಿಕಿತ್ಸೆ ನಡೀತಿತ್ತು. ಲೈಂಗಿಕ ಅಪರಾಧಿಗಳನ್ನು ಗುಂಪಾಗಿ ಕೂರಿಸೋದು. ಒಬ್ಬೊಬ್ಬರೂ ತಾವು ಮಾಡಿದ್ದನ್ನು ಎಲ್ಲರೆದುರು ಬಿಡಿಸಿ ಹೇಳಬೇಕು. ಆಮೇಲೆ ನೊಂದವರ ಪಾತ್ರ ಮಾಡಿ, ಅವರಿಗೆ ಹೇಗಾಗಿರಬಹುದು ಅಂತ ಮಾತಾಡಬೇಕು. ಕೇಳೋಕೆ ಚೆನ್ನಾಗಿಯೇ ಇದೆ. ಆದರೆ 2017ರಲ್ಲಿ ಅಲ್ಲಿನ ಸರ್ಕಾರವೇ ಲೆಕ್ಕ ಬಹಿರಂಗ ಮಾಡಿತು. ಚಿಕಿತ್ಸೆ ಪಡೆದ 2,562 ಜನರಲ್ಲಿ ಶೇ 10ರಷ್ಟು ಮಂದಿ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಪಡೆಯದ 13,219 ಜನರಲ್ಲಿ ಶೇ 8. ಅಂದರೆ ಚಿಕಿತ್ಸೆ ಪಡೆದವರೇ ಜಾಸ್ತಿ! ಕಾರ್ಯಕ್ರಮವನ್ನು ನಿಲ್ಲಿಸಿಬಿಟ್ಟರು.

ಯಾಕೆ ಹೀಗಾಯ್ತು? ಅಂಥವರೇ ಸುತ್ತ ಕೂತು ಅದೇ ಕಥೆಗಳನ್ನು ಕೇಳ್ತಾ ಕೇಳ್ತಾ ಅದೆಲ್ಲ ಮಾಮೂಲು ಅನ್ನಿಸಿರಬಹುದು ಅನ್ನೋದು ಅಧ್ಯಯನ ಮಾಡಿದವರ ಒಂದು ಊಹೆ.

ಪೋಕ್ಸೋ ಕೇಸಿನ ತೀರ್ಪು ಬಂದ ದಿನ ಹಾಸನದ ಕೋರ್ಟ್ ಸುತ್ತಮುತ್ತ ಟೀ ಕುಡಿಯೋರ ಮಾತು ಕೇಳಿ. "ಅವನ ಮುಖದಲ್ಲಿ ಒಂಚೂರೂ ಪಶ್ಚಾತ್ತಾಪ ಇಲ್ಲ ನೋಡಿ, ಹೊರಗೆ ಬಂದ್ರೆ ಇನ್ನೊಂದು ಮಾಡ್ತಾನೆ" ಅಂತಾರೆ. ನಮಗೆಲ್ಲ ಹಾಗೇ ಅನ್ನಿಸುತ್ತೆ, ಅಲ್ವಾ? ಕೆನಡಾದ ಮನಶ್ಶಾಸ್ತ್ರಜ್ಞ ಕಾರ್ಲ್ ಹ್ಯಾನ್ಸನ್ ಮತ್ತು ಜೊತೆಗಾರರು ಹತ್ತಾರು ಅಧ್ಯಯನ ಒಟ್ಟುಹಾಕಿ ನೋಡಿದಾಗ ಸಿಕ್ಕಿದ್ದು ಬೇರೆಯೇ. ತಪ್ಪು ಒಪ್ಪಿಕೊಳ್ಳದೆ ಇರೋದಕ್ಕೂ, ನೊಂದವರ ಬಗ್ಗೆ ಮರುಕ ತೋರದೆ ಇರೋದಕ್ಕೂ, ಮತ್ತೆ ಅಪರಾಧ ಮಾಡೋದಕ್ಕೂ ಹೆಚ್ಚು ನಂಟಿಲ್ಲ. ನಂಟಿರೋದು ವಿಕೃತ ಲೈಂಗಿಕ ಆಸೆಗೆ, ಮತ್ತು ಕಾನೂನು-ಕಟ್ಟಳೆ ಯಾವುದಕ್ಕೂ ಬಗ್ಗದ ಸ್ವಭಾವಕ್ಕೆ. ಕೋರ್ಟಿನಲ್ಲಿ ಗಳಗಳ ಅತ್ತವನು ಸುರಕ್ಷಿತ ಅಂತ ನಂಬುವ ಹಾಗಿಲ್ಲ.

ಹಾಗಾದ್ರೆ ಚಿಕಿತ್ಸೆಯೇ ವ್ಯರ್ಥವಾ? ಅಲ್ಲ. 2019ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಥೆರೇಸಾ ಗ್ಯಾನನ್ ತಂಡ 70 ಅಧ್ಯಯನಗಳನ್ನು ಜೋಡಿಸಿ ನೋಡಿತು. ಕೆಲವು ವರ್ಷಗಳಲ್ಲಿ, ವಿಶೇಷ ಚಿಕಿತ್ಸೆ ಪಡೆದ ಲೈಂಗಿಕ ಅಪರಾಧಿಗಳಲ್ಲಿ ಶೇ 9.5ರಷ್ಟು ಮಂದಿ ಮತ್ತೆ ಅಂಥದ್ದೇ ಅಪರಾಧ ಮಾಡಿದ್ದರು. ಪಡೆಯದವರಲ್ಲಿ ಶೇ 14.1. ನೂರು ಜನರಲ್ಲಿ ನಾಲ್ಕೈದು ಜನರ ವ್ಯತ್ಯಾಸ. ಕಮ್ಮಿ ಅನ್ನಿಸಬಹುದು. ಆದರೆ ಆ ನಾಲ್ಕೈದರ ಹಿಂದೆ ನಾಲ್ಕೈದು ಮಕ್ಕಳಿರಬಹುದು, ಹೆಂಗಸರಿರಬಹುದು. ನನಗಂತೂ ಅದು ಸಣ್ಣದಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ: ಅರ್ಹ ಮನಶ್ಶಾಸ್ತ್ರಜ್ಞರು ಶುರುವಿನಿಂದ ಕೊನೆವರೆಗೂ ಜೊತೆಗಿದ್ದ ಕಡೆ ಫಲಿತಾಂಶ ಚೆನ್ನಾಗಿತ್ತು. ಯಾರೋ ನಾಲ್ಕು ದಿನ ತರಬೇತಿ ಪಡೆದು ಬಂದು ಪುಸ್ತಕ ನೋಡಿ ಓದಿದರೆ ಸಾಲದು.

ಈ ಅಂಕಿಗಳನ್ನೂ ಸುಮ್ನೆ ನುಂಗಬಾರದು. ಇವೆಲ್ಲ ಸಿಕ್ಕಿಬಿದ್ದವರ ಲೆಕ್ಕ. ದೂರೇ ಕೊಡದ ಪ್ರಕರಣ ಇದರಲ್ಲಿ ಇಲ್ಲ. ಜೊತೆಗೆ, ಚಿಕಿತ್ಸೆಗೆ ತಾವಾಗಿಯೇ ಬರೋರು ಮೊದಲೇ ಬದಲಾಗಬೇಕು ಅಂದುಕೊಂಡವರಾಗಿದ್ದರೆ? ಈ ಅನುಮಾನ ಕಳೆಯೋಕೆ ಕ್ಯಾಲಿಫೋರ್ನಿಯಾದಲ್ಲಿ ಒಪ್ಪಿ ಬಂದವರನ್ನೇ ಲಾಟರಿ ಹಾಕಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಚಿಕಿತ್ಸೆ ಕೊಟ್ಟರು. 2005ರಲ್ಲಿ ಬಂದ ಕೊನೆಯ ಫಲಿತಾಂಶದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ನಮ್ಮಲ್ಲಿ 2012ರ ಪೋಕ್ಸೋ ಕಾಯ್ದೆಯನ್ನು 2019ರಲ್ಲಿ ಇನ್ನೂ ಬಿಗಿ ಮಾಡಿದರು. ಗಲ್ಲು ಶಿಕ್ಷೆಯೂ ಸೇರಿತು. 2018ರಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ ಶುರುವಾಯ್ತು. ಶಿಕ್ಷೆ ಆಯ್ತು, ಪಟ್ಟಿ ಆಯ್ತು. ಬಿಡುಗಡೆಯಾದ ಮೇಲೆ ಏನು ಅನ್ನೋದನ್ನು ಯಾರೂ ಕೇಳೋದಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಗೊತ್ತಿರುವವನೇ: ನೆಂಟ, ಪಕ್ಕದ ಮನೆಯವನು, ಕೆಲಸ ಕೊಟ್ಟವನು. ಸಕಲೇಶಪುರದ ಕಡೆ ತೋಟದ ಕೂಲಿಕಾರರ ಲೈನ್ ಮನೆಯಿಂದ ಜೈಲಿಗೆ ಹೋದವನು ವಾಪಸ್ ಬರೋದು ಎಷ್ಟೋ ಸಲ ಅದೇ ಲೈನಿಗೆ. ಅವನಿಂದ ನೊಂದ ಮಗು ಇನ್ನೂ ಅಲ್ಲೇ ಇರಬಹುದು.

ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1994ರಲ್ಲಿ ಹೀಗೆ ಹೊರಬಂದವನೊಬ್ಬನ ಸುತ್ತ ಚರ್ಚಿನ ಕೆಲವರು ನಿಂತರು. ಅವನಿಗೆ ಮನೆ ಹುಡುಕಿಕೊಟ್ಟರು, ದಿನಾ ಮಾತಾಡಿಸಿದರು, ಎಲ್ಲಿಗೆ ಹೋಗ್ತಾನೆ ಅಂತ ಕಣ್ಣಿಟ್ಟರು. ಈಗ ಬೇರೆ ದೇಶಗಳಲ್ಲೂ ಇಂಥ ಗುಂಪುಗಳಿವೆ. ನಮ್ಮ ಕಡೆ ಈ ಕೆಲಸಕ್ಕೆ ಯಾರು ಮುಂದೆ ಬರ್ತಾರೋ ಗೊತ್ತಿಲ್ಲ. ಬಂದರೂ, ಮೊದಲು ಆ ಮಗುವಿನ ಮನೆಯವರನ್ನು ಕೇಳಬೇಕು.